ಕತ್ತರಿಸಿದ ಕಾರ್ಡಿನಿಂದಲೂ ಹಣ ಹೋಗುವುದೇಕೆ? ಆಡ್-ಆನ್ ಕಾರ್ಡ್ ಕುರಿತು ಓದುಗರ ಪ್ರಶ್ನೆಗಳು

ಒಬ್ಬರ ಕ್ರೆಡಿಟ್ ಕಾರ್ಡ್ ಖಾತೆಯ ಮೇಲೆ ಇನ್ನೊಬ್ಬರ ಹೆಸರಿಗೆ ಕೊಡಿಸುವ ಕಾರ್ಡನ್ನು ಬ್ಯಾಂಕುಗಳು ಆಡ್-ಆನ್ ಕಾರ್ಡ್ ಎನ್ನುತ್ತವೆ. ಪ್ರೀತಿಯಿಂದಲೋ ಅನುಕೂಲಕ್ಕೆಂದೋ ಕೊಡಿಸಿದ ಇಂತಹ ಕಾರ್ಡನ್ನು ಹಿಂದಕ್ಕೆ ಪಡೆಯಬೇಕಾಗಿ ಬಂದಾಗ ಏನು ಮಾಡಬೇಕೆಂದು ತಿಳಿಯದೆ ಮಂಗಳೂರು ಮತ್ತು ಉಡುಪಿಯ ಕೆಲವು ಓದುಗರು ಬರೆದಿದ್ದಾರೆ. ಅವುಗಳಲ್ಲಿ ನಾಲ್ಕು ಪತ್ರಗಳನ್ನು ಆರಿಸಿಕೊಂಡು ಇಲ್ಲಿ ಉತ್ತರಿಸಲಾಗಿದೆ. ಪತ್ರ ಬರೆದವರ ಹೆಸರುಗಳನ್ನು ಪ್ರಕಟಿಸಿಲ್ಲ.

ಪ್ರಶ್ನೆ: ನಾನು ಮಂಗಳೂರಿನ ಬಿಜೈಯಲ್ಲಿರುವ ನಿವೃತ್ತ ಪ್ರೌಢಶಾಲಾ ಶಿಕ್ಷಕಿ. ಮೂರು ವರ್ಷಗಳ ಹಿಂದೆ ನನ್ನ ತಮ್ಮನ ಮಗ ಕೆಲಸಕ್ಕೆಂದು ಬೆಂಗಳೂರಿಗೆ ಹೊರಟಾಗ, ಆಪತ್ತಿಗೆ ಇರಲಿ ಎಂದು ನನ್ನ ಕ್ರೆಡಿಟ್ ಕಾರ್ಡಿನ ಮೇಲೆ ಅವನಿಗೊಂದು ಆಡ್-ಆನ್ ಕಾರ್ಡ್ ಮಾಡಿಸಿಕೊಟ್ಟೆ. ಇತ್ತೀಚೆಗೆ ಅವನು ನನ್ನನ್ನು ಕೇಳದೆ 64,000 ರೂಪಾಯಿಯ ಮೊಬೈಲ್ ಫೋನ್ ಕೊಂಡ. ಅಷ್ಟಮಿಗೆ ಊರಿಗೆ ಬಂದಾಗ ಕಾರ್ಡನ್ನು ಕೇಳಿ ಪಡೆದು ಅವನೆದುರಿಗೇ ಕತ್ತರಿಯಿಂದ ತುಂಡು ಮಾಡಿದೆ. ಆದರೂ ಮರು ತಿಂಗಳ ಬಿಲ್ಲಿನಲ್ಲಿ ಸಿನಿಮಾ ನೋಡುವ ಆ್ಯಪಿನ ಚಂದಾ 649 ರೂಪಾಯಿ ಮತ್ತು ಜಿಮ್ಮಿನ ಶುಲ್ಕ 1,999 ರೂಪಾಯಿ ಅದೇ ಕಾರ್ಡಿನಿಂದ ಹೋಗಿದೆ. ಶಾಖೆಗೆ ಹೋದರೆ ಮ್ಯಾನೇಜರರು, ಕಾರ್ಡಿನ ವಿಷಯ ಇಲ್ಲಿ ಆಗುವುದಿಲ್ಲ ಎಂದರು. ಅವನ ಹೆಸರನ್ನು ತೆಗೆಸುವುದು ಹೇಗೆ? ಅವನು ಮಾಡಿದ ಖರ್ಚನ್ನು ನಾನೇ ಕಟ್ಟಬೇಕೇ? ಸಾಲ ಕೊಡುವವರು ನೋಡುವ ನನ್ನ ಸಿಬಿಲ್ ಸ್ಕೋರಿಗೆ ತೊಂದರೆಯಾಗುತ್ತದೆಯೇ? ತಮ್ಮನ ಮನೆಯವರ ಮನಸ್ಸು ನೋಯಬಾರದೆಂಬ ಆಸೆಯೂ ನನಗಿದೆ.

ಉತ್ತರ: ನೀವು ಕತ್ತರಿಸಿದ್ದು ಪ್ಲಾಸ್ಟಿಕ್ಕನ್ನು ಮಾತ್ರ, ಖಾತೆಯ ಮೇಲೆ ಅವನಿಗಿರುವ ಅಧಿಕಾರ ಬ್ಯಾಂಕಿನ ದಾಖಲೆಯಲ್ಲಿ ಹಾಗೆಯೇ ಉಳಿದಿದೆ. 2022ರ ಅಕ್ಟೋಬರ್ 1ರಿಂದ ಅಂಗಡಿ ಮತ್ತು ಆ್ಯಪುಗಳು ನಮ್ಮ ಕಾರ್ಡಿನ ಸಂಖ್ಯೆಯನ್ನು ತಮ್ಮಲ್ಲಿ ಇಟ್ಟುಕೊಳ್ಳುವಂತಿಲ್ಲವಾದರೂ, ಅದರ ಬದಲಿಗೆ ಟೋಕನ್ ಎಂಬ ಸಂಕೇತವನ್ನು ಇಟ್ಟುಕೊಳ್ಳುತ್ತವೆ, ಮತ್ತು ಪ್ರತಿ ತಿಂಗಳು ತಾನಾಗಿ ಹಣ ಕಡಿತವಾಗುವುದಕ್ಕೆ ಒಮ್ಮೆ ಒಪ್ಪಿಗೆ ಕೊಟ್ಟಿದ್ದರೆ 15,000 ರೂಪಾಯಿಯವರೆಗಿನ ಕಂತುಗಳಿಗೆ ಪುನಃ ಒಟಿಪಿ ಕೇಳುವುದಿಲ್ಲ. ಕಡಿತಕ್ಕೆ 24 ಗಂಟೆ ಮೊದಲು ಬ್ಯಾಂಕು ಸಂದೇಶ ಕಳುಹಿಸಬೇಕೆಂಬ ನಿಯಮವಿದೆ, ಆದರೆ ಆಡ್-ಆನ್ ಕಾರ್ಡಿಗೆ ನಿಮ್ಮ ತಮ್ಮನ ಮಗನ ಮೊಬೈಲ್ ಸಂಖ್ಯೆಯನ್ನೇ ಕೊಟ್ಟಿದ್ದರೆ ಆ ಸಂದೇಶ ಅವನಿಗೆ ಹೋಗಿರುತ್ತದೆ. 649 ಮತ್ತು 1,999 ರೂಪಾಯಿ ಹೋಗಿರುವುದು ಈ ದಾರಿಯಲ್ಲಿ.

ಆದುದರಿಂದ ಇಂದೇ ಮಾಡಬೇಕಾದ ಮೊದಲ ಕೆಲಸವೆಂದರೆ, ಬ್ಯಾಂಕಿನ ಆ್ಯಪನ್ನು ತೆರೆದು ಆಡ್-ಆನ್ ಕಾರ್ಡನ್ನು ತಾತ್ಕಾಲಿಕವಾಗಿ ಲಾಕ್ ಮಾಡುವುದು. ಆನ್‌ಲೈನ್ ಬಳಕೆ, ಅಂಗಡಿಯ ಯಂತ್ರದಲ್ಲಿ ಬಳಕೆ, ವಿದೇಶಿ ಬಳಕೆ, ಸ್ಪರ್ಶವಿಲ್ಲದ ಪಾವತಿ ಇವುಗಳನ್ನು ಗ್ರಾಹಕರು ತಾವೇ ಹಗಲು ರಾತ್ರಿ ಯಾವಾಗ ಬೇಕಾದರೂ ಆನ್ ಅಥವಾ ಆಫ್ ಮಾಡುವ, ಮಿತಿಯನ್ನು ಬದಲಿಸುವ ಸೌಲಭ್ಯವನ್ನು ಒದಗಿಸಬೇಕೆಂದು ರಿಸರ್ವ್ ಬ್ಯಾಂಕ್ 2020ರ ಜನವರಿಯಲ್ಲಿ ಎಲ್ಲ ಬ್ಯಾಂಕುಗಳಿಗೆ ಆದೇಶಿಸಿದೆ. ಆ್ಯಪ್ ಬಳಸುವ ಅಭ್ಯಾಸ ನಿಮಗಿಲ್ಲದಿದ್ದರೆ ಕಾರ್ಡಿನ ಹಿಂಬದಿಯಲ್ಲಿರುವ ಸಹಾಯವಾಣಿಗೆ ಕರೆ ಮಾಡಿದರೂ ಆದೀತು.

ಲಾಕ್ ಮಾಡುವುದು ಬಾಗಿಲಿಗೆ ಚಿಲಕ ಹಾಕಿದಂತೆ. ಹೆಸರನ್ನು ತೆಗೆಸುವ ಕೆಲಸ ಇನ್ನೂ ಉಳಿದಿದೆ. ಅದನ್ನು ಕೇಳುವ ಅಧಿಕಾರ ಮುಖ್ಯ ಕಾರ್ಡುದಾರರಾದ ನಿಮಗೆ ಪೂರ್ಣವಾಗಿ ಇದೆ, ತಮ್ಮನ ಮಗನ ಸಹಿ ಅಥವಾ ಒಪ್ಪಿಗೆ ಬೇಕಾಗಿಲ್ಲ. ನಿಮ್ಮ ಶಾಖೆಯ ಮ್ಯಾನೇಜರರು ಹೇಳಿದ್ದರಲ್ಲಿ ಅಸಡ್ಡೆ ಕಾಣಿಸಿದರೂ ಅದು ಸುಳ್ಳೇನಲ್ಲ, ಏಕೆಂದರೆ ಹೆಚ್ಚಿನ ಬ್ಯಾಂಕುಗಳಲ್ಲಿ ಕಾರ್ಡಿನ ವಿಭಾಗ ಬೇರೆಯೇ ಇರುತ್ತದೆ. ನಮ್ಮ ಜಿಲ್ಲೆಯವರಿಗೆ ಇದನ್ನು ಒಪ್ಪಿಕೊಳ್ಳುವುದು ಕಷ್ಟವೆಂಬುದು ನನಗೆ ಗೊತ್ತಿದೆ. ಒಂದೇ 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕ್, ಉಡುಪಿಯಲ್ಲಿ ಕಾರ್ಪೊರೇಶನ್ ಬ್ಯಾಂಕ್, ಮುಂದೆ 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್ ಬ್ಯಾಂಕ್, 1931ರಲ್ಲಿ ವಿಜಯಾ ಬ್ಯಾಂಕ್ ಹುಟ್ಟಿದ ನೆಲ ಇದು. ದಿನದಿನದ ಸಣ್ಣ ಉಳಿತಾಯವಾದ ಪಿಗ್ಮಿಯ ಸಂಗ್ರಾಹಕರು ಮನೆ ಬಾಗಿಲಿಗೆ ಬರುತ್ತಿದ್ದುದನ್ನೂ, ಮ್ಯಾನೇಜರರ ಮೇಜಿನೆದುರು ಕುಳಿತು ಮಾತನಾಡಿದರೆ ಕೆಲಸ ಮುಗಿಯುತ್ತಿದ್ದುದನ್ನೂ ಕಂಡವರು ನಾವು. ಆದರೆ ಬಾಯಿಮಾತಿನಲ್ಲಿ ಹೇಳಿ ಬಂದದ್ದಕ್ಕೆ ಇಂದು ದಾಖಲೆ ಉಳಿಯುವುದಿಲ್ಲ, ದಾಖಲೆಯಿಲ್ಲದಿದ್ದರೆ ನಾಳೆ ತಕರಾರು ಬಂದಾಗ ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ.

ಸಹಾಯವಾಣಿಗೆ ಕರೆ ಮಾಡಿ ದೂರಿನ ಸಂಖ್ಯೆಯನ್ನು ಬರೆದುಕೊಳ್ಳಿ, ಬಳಿಕ ಅದೇ ದಿನ ಬ್ಯಾಂಕಿನ ಕಾರ್ಡ್ ವಿಭಾಗದ ಇಮೇಲ್ ವಿಳಾಸಕ್ಕೆ, ನಿಮ್ಮ ನೋಂದಾಯಿತ ಇಮೇಲಿನಿಂದಲೇ, ಹೀಗೆ ಬರೆಯಿರಿ: ‘ನನ್ನ ಹೆಸರಿನಲ್ಲಿರುವ, ಕೊನೆಯ ನಾಲ್ಕು ಅಂಕಿಗಳು ಇಂತಿರುವ ಕ್ರೆಡಿಟ್ ಕಾರ್ಡ್ ಖಾತೆಯ ಮೇಲೆ ಇಂತಹವರಿಗೆ ನೀಡಲಾಗಿರುವ, ಕೊನೆಯ ನಾಲ್ಕು ಅಂಕಿಗಳು ಇಂತಿರುವ ಆಡ್-ಆನ್ ಕಾರ್ಡನ್ನು ಈ ದಿನದಿಂದ ಶಾಶ್ವತವಾಗಿ ರದ್ದುಪಡಿಸಬೇಕೆಂದು ಕೋರುತ್ತೇನೆ. ಆ ಕಾರ್ಡಿಗೆ ಜೋಡಿಸಿರುವ ಎಲ್ಲ ಟೋಕನ್‌ಗಳನ್ನೂ, ತಾನಾಗಿ ಕಡಿತವಾಗುವ ಒಪ್ಪಿಗೆಗಳನ್ನೂ ರದ್ದುಪಡಿಸಬೇಕು. ನನ್ನ ಮುಖ್ಯ ಕಾರ್ಡ್ ಮುಂದುವರಿಯಬೇಕು. ರದ್ದಾದ ದಿನಾಂಕವನ್ನು ತಿಳಿಸುವ ದೃಢೀಕರಣವನ್ನು ಕಳುಹಿಸಿಕೊಡಬೇಕು.’ ಪೂರ್ಣ ಕಾರ್ಡ್ ಸಂಖ್ಯೆಯನ್ನು, ಸಿವಿವಿಯನ್ನು (ಕಾರ್ಡಿನ ಮೇಲಿರುವ ಗುಟ್ಟಿನ ಅಂಕಿ), ಒಟಿಪಿಯನ್ನು ಈ ಪತ್ರದಲ್ಲಿ ಬರೆಯಬೇಡಿ. ‘ನನ್ನ ಮುಖ್ಯ ಕಾರ್ಡ್ ಮುಂದುವರಿಯಬೇಕು’ ಎಂಬ ವಾಕ್ಯವನ್ನು ಬಿಡಬೇಡಿ, ಏಕೆಂದರೆ ಅದಿಲ್ಲದಿದ್ದರೆ ಓದಿದವರು ಇಡೀ ಖಾತೆಯನ್ನೇ ಮುಚ್ಚುವ ಕೋರಿಕೆಯೆಂದು ತಿಳಿದುಕೊಳ್ಳುವ ಸಾಧ್ಯತೆಯಿದೆ.

ಕ್ರೆಡಿಟ್ ಕಾರ್ಡ್ ಮುಚ್ಚುವ ಕೋರಿಕೆಯನ್ನು ಬಾಕಿ ಸಂದಾಯವಾಗಿದ್ದರೆ 7 ಕೆಲಸದ ದಿನಗಳೊಳಗೆ ಪೂರೈಸಬೇಕು, ಅಂಚೆಯಲ್ಲೇ ಅರ್ಜಿ ಕಳುಹಿಸಿ ಎಂದು ಗ್ರಾಹಕರನ್ನು ಒತ್ತಾಯಿಸಬಾರದು, ಬಾಕಿಯಿಲ್ಲದ ಖಾತೆಯನ್ನು ಮುಚ್ಚಲು ತಡಮಾಡಿದರೆ ದಿನಕ್ಕೆ 500 ರೂಪಾಯಿಯಂತೆ ಗ್ರಾಹಕರಿಗೆ ಕೊಡಬೇಕು ಎಂಬ ನಿಯಮಗಳನ್ನು ರಿಸರ್ವ್ ಬ್ಯಾಂಕ್ 2022ರಲ್ಲಿ ತಂದಿತು. ನಿಮ್ಮದು ಖಾತೆಯನ್ನು ಮುಚ್ಚುವ ಕೋರಿಕೆಯಲ್ಲ, ಅದರ ಒಂದು ಕೊಂಬೆಯನ್ನು ಕಡಿಯುವ ಕೋರಿಕೆ. ಖಾತೆ ಉಳಿಯುವುದರಿಂದ ಮೊಬೈಲಿನ ಬಾಕಿ ಇರುವಾಗಲೂ ಆಡ್-ಆನ್ ಕಾರ್ಡನ್ನು ನಿಲ್ಲಿಸಲು ಕೇಳಬಹುದು. ಒಂದು ವಾರದೊಳಗೆ ದೃಢೀಕರಣ ಬಾರದಿದ್ದರೆ ಬ್ಯಾಂಕಿನ ದೂರು ಪರಿಹಾರ ಅಧಿಕಾರಿಗೆ ಬರೆಯಿರಿ. ದೂರು ಕೊಟ್ಟು 30 ದಿನಗಳಾದರೂ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಸಮಾಧಾನಕರವಾಗಿರದಿದ್ದರೆ ಗ್ರಾಹಕರ ದೂರುಗಳನ್ನು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ನರಿಗೆ ಸಿಎಂಎಸ್ ಎಂಬ ದೂರು ಜಾಲತಾಣದ ಮೂಲಕ ದೂರು ಸಲ್ಲಿಸಬಹುದು. ಇದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಾಗಿಲ್ಲ. ಮಾಹಿತಿಗೆ 14448ಕ್ಕೆ ಕರೆ ಮಾಡಬಹುದು.

ಇನ್ನು ಹಣದ ವಿಷಯ. ಇಲ್ಲಿ ನಿಮಗೆ ಹಿತವಾದ ಉತ್ತರವನ್ನು ಕೊಡಲಾರೆ. ಆಡ್-ಆನ್ ಕಾರ್ಡಿನ ಹೊಣೆ ಮುಖ್ಯ ಕಾರ್ಡುದಾರರದ್ದೇ ಎಂಬ ಸ್ಪಷ್ಟ ತಿಳಿವಳಿಕೆಯ ಮೇಲೆಯೇ ಅದನ್ನು ನೀಡಬೇಕೆಂದು ನಿಯಮವಿದೆ, ಅರ್ಜಿಯಲ್ಲಿ ನೀವು ಸಹಿ ಮಾಡಿದ್ದೂ ಅದಕ್ಕೇ. ಅವನು ನಿಮ್ಮನ್ನು ಕೇಳದೆ ಖರ್ಚು ಮಾಡಿದ್ದು ಮನೆಯೊಳಗಿನ ತಪ್ಪು. ಬ್ಯಾಂಕಿನ ಕಣ್ಣಿನಲ್ಲಿ ಅದು ನೀವೇ ಅಧಿಕಾರ ಕೊಟ್ಟವರು ಮಾಡಿದ ಖರ್ಚು. ಹೆಸರನ್ನು ತೆಗೆಸುವುದರ ಫಲ ಮುಂದಿನ ಖರ್ಚಿಗೆ ಮಾತ್ರ, ಆದ ಖರ್ಚಿಗಿಲ್ಲ. ಕೋಪದಿಂದಲೋ, ಅವನೇ ಕಟ್ಟಲಿ ಎಂಬ ಹಟದಿಂದಲೋ ಬಿಲ್ಲನ್ನು ಬಾಕಿ ಇರಿಸಿದರೆ ನಷ್ಟ ನಿಮಗೇ ಆಗುತ್ತದೆ. ತಿಂಗಳಿಗೆ ಶೇ. 3.5 ಬಡ್ಡಿಯ ಕಾರ್ಡಿನಲ್ಲಿ 64,000 ರೂಪಾಯಿಗೆ ಒಂದು ತಿಂಗಳ ಬಡ್ಡಿ 2,240 ರೂಪಾಯಿ, ಅದರ ಮೇಲೆ ಶೇ. 18 ಜಿಎಸ್‌ಟಿ ಸೇರಿದರೆ ಸುಮಾರು 2,643 ರೂಪಾಯಿ. ಸಾಲದ್ದಕ್ಕೆ, ಬಾಕಿ ಉಳಿದಿರುವಷ್ಟು ಕಾಲ ನೀವು ಕೊಳ್ಳುವ ಅಕ್ಕಿ ಬೇಳೆಯ ಖರ್ಚಿಗೂ ಬಡ್ಡಿರಹಿತ ಅವಧಿ ಸಿಗುವುದಿಲ್ಲ. ಪೂರ್ತಿ ಕಟ್ಟಲು ಸಾಧ್ಯವಿಲ್ಲದಿದ್ದರೆ ಕನಿಷ್ಠ ಪಾವತಿಯನ್ನು ಮಾತ್ರ ಕಟ್ಟುತ್ತಾ ಹೋಗುವುದಕ್ಕಿಂತ ಆ ಮೊತ್ತವನ್ನು ಕಂತುಗಳಾಗಿ ಪರಿವರ್ತಿಸಲು ಬ್ಯಾಂಕನ್ನು ಕೇಳಿ, ಕಂತಿನ ಬಡ್ಡಿ ಸಾಮಾನ್ಯವಾಗಿ ಇದಕ್ಕಿಂತ ಕಡಿಮೆ ಇರುತ್ತದೆ. ಅವನು ಫೋನನ್ನು ಈಗಾಗಲೇ ಕಂತಿನಲ್ಲಿ ಕೊಂಡಿದ್ದರೆ, ಆಡ್-ಆನ್ ಕಾರ್ಡ್ ರದ್ದಾದ ಮೇಲೂ ಆ ಕಂತುಗಳು ನಿಮ್ಮ ಬಿಲ್ಲಿನಲ್ಲಿ ಬರುತ್ತಲೇ ಇರುತ್ತವೆ. ಅದನ್ನು ಕಂಡು ಕಾರ್ಡ್ ರದ್ದಾಗಲಿಲ್ಲವೆಂದು ಗಾಬರಿಯಾಗಬೇಡಿ.

ಅವನಿಂದ ಹಣವನ್ನು ಮರಳಿ ಪಡೆಯುವುದು ನೀವು ಮತ್ತು ಅವನು ಕುಳಿತು ತೀರ್ಮಾನಿಸಬೇಕಾದ ವಿಷಯ. ತಿಂಗಳಿಗೆ ಇಷ್ಟೆಂದು ಕೊಡುತ್ತೇನೆಂದು ಅವನಿಂದ ದಿನಾಂಕ, ಸಹಿಯೊಂದಿಗೆ ಒಂದು ಚೀಟಿ ಬರೆಸಿಕೊಳ್ಳುವುದರಲ್ಲಿ ಅವಮಾನವೇನೂ ಇಲ್ಲ. ದುಡಿಯುವ ಹುಡುಗನಿಗೆ ಅದು ಜವಾಬ್ದಾರಿಯನ್ನು ತಿಳಿಸುತ್ತದೆ, ನಿಮಗೂ ಒಂದು ಆಧಾರವಾಗುತ್ತದೆ. ರದ್ದು ಮಾಡುವ ಮೊದಲು ಅವನಿಗೂ ನಿಮ್ಮ ತಮ್ಮನಿಗೂ ನೀವೇ ನೇರವಾಗಿ ತಿಳಿಸಿ ಎಂಬುದು ನನ್ನ ಮನವಿ. ಅಂಗಡಿಯ ಯಂತ್ರದ ಮುಂದೆ ನಾಲ್ಕು ಜನರೆದುರು ಕಾರ್ಡ್ ನಡೆಯದೆ ಹೋದಾಗ ಆಗುವ ನೋವು, ಅತ್ತೆ ಮನೆಯ ಜಗಲಿಯಲ್ಲಿ ಕೂರಿಸಿ ಹೇಳಿದ ಮಾತಿನಿಂದ ಆಗುವುದಿಲ್ಲ. ಅವನ ಚಂದಾಗಳನ್ನು ಅವನದೇ ಖಾತೆಗೆ ಬದಲಿಸಿಕೊಳ್ಳಲು ಎರಡು ದಿನ ಸಮಯ ಕೊಡಿ, ಆದರೆ ಲಾಕ್ ಮಾತ್ರ ಇಂದೇ ಆಗಲಿ.

ನಿಮ್ಮ ಸ್ಕೋರಿನ ಬಗ್ಗೆ ಚಿಂತಿಸಬೇಡಿ. ಆಡ್-ಆನ್ ಕಾರ್ಡಿಗೆ ಪ್ರತ್ಯೇಕ ಸಾಲಮಿತಿಯಿರುವುದಿಲ್ಲ, ಅದು ನಿಮ್ಮ ಮಿತಿಯೊಳಗಿನಿಂದಲೇ ಖರ್ಚಾಗುತ್ತದೆ. ಆದ್ದರಿಂದ ಅದು ಹೋದರೂ ನಿಮ್ಮ ಮಿತಿ ಕುಗ್ಗುವುದಿಲ್ಲ, ಖಾತೆಯ ವಯಸ್ಸೂ ಬದಲಾಗುವುದಿಲ್ಲ. ಸ್ಕೋರನ್ನು ಕೆಡಿಸುವುದು ಕಟ್ಟದೆ ಉಳಿದ ಬಿಲ್ಲು. ಆಡ್-ಆನ್ ಕಾರ್ಡ್ ರದ್ದಾದ ಮೇಲಿನ ಎರಡು ತಿಂಗಳ ಬಿಲ್ಲುಗಳನ್ನು ಸಾಲು ಸಾಲಾಗಿ ಓದಿ, ರದ್ದತಿಯ ದಿನಾಂಕದ ಬಳಿಕದ ಖರ್ಚು ಆ ಕಾರ್ಡಿನ ಹೆಸರಿನಲ್ಲಿ ಕಂಡರೆ ಕೂಡಲೇ ಲಿಖಿತವಾಗಿ ಆಕ್ಷೇಪಿಸಿ. ನಿಮ್ಮ ಕಾರ್ಡಿನ ಸಂಖ್ಯೆಯೂ ಅವನ ಕಾರ್ಡಿನ ಸಂಖ್ಯೆಯೂ ಒಂದೇ ಆಗಿದ್ದರೆ ನಿಮಗೂ ಹೊಸ ಸಂಖ್ಯೆಯ ಕಾರ್ಡನ್ನು ಕೇಳಿ ಪಡೆಯಿರಿ.

ಪ್ರಶ್ನೆ: ಮಲ್ಪೆ ಬಂದರಿನಲ್ಲಿ ನನ್ನದೊಂದು ಟ್ರಾಲ್ ಬೋಟು ಇದೆ. ಬೋಟಿನ ಲೆಕ್ಕ ಬರೆಯುತ್ತಿದ್ದ ಹುಡುಗನಿಗೆ ಬಿಡಿಭಾಗ, ದಿನಸಿ ತರಲು ಅನುಕೂಲವಾಗಲೆಂದು ನನ್ನ ಕ್ರೆಡಿಟ್ ಕಾರ್ಡನ್ನೇ ಪಿನ್ ಹೇಳಿಕೊಟ್ಟು ಕೊಟ್ಟಿದ್ದೆ. ಜೂನ್ 1ಕ್ಕೆ ಮೀನುಗಾರಿಕೆಯ ನಿಷೇಧ ಶುರುವಾದ ಮೇಲೆ ಅವನು ಕೆಲಸ ಬಿಟ್ಟು ಊರಿಗೆ ಹೋದ, ಕಾರ್ಡನ್ನು ಹಿಂದಿರುಗಿಸಲಿಲ್ಲ. ಆ ತಿಂಗಳಲ್ಲಿ ಮೂರು ಕಡೆ ಒಟ್ಟು 18,700 ರೂಪಾಯಿ ಖರ್ಚಾಗಿದೆ. ಅವನ ಹೆಸರನ್ನು ಕಾರ್ಡಿನಿಂದ ತೆಗೆಸಿದರೆ ಈ ಹಣ ನನ್ನ ಮೇಲಿನಿಂದ ಹೋಗುತ್ತದೆಯೇ?

ಉತ್ತರ: ನಿಮ್ಮ ಕಾರ್ಡಿನಲ್ಲಿ ಅವನ ಹೆಸರೇ ಇಲ್ಲ, ಆದ್ದರಿಂದ ತೆಗೆಸಲು ಏನೂ ಇಲ್ಲ. ನೀವು ಕೊಟ್ಟದ್ದು ಆಡ್-ಆನ್ ಕಾರ್ಡನ್ನಲ್ಲ, ನಿಮ್ಮ ಸ್ವಂತ ಕಾರ್ಡನ್ನು ಮತ್ತು ಅದರ ಗುಟ್ಟನ್ನು. ಈ ವ್ಯತ್ಯಾಸ ಬಹಳ ದೊಡ್ಡದು. ಅನಧಿಕೃತ ವಹಿವಾಟುಗಳಲ್ಲಿ ಗ್ರಾಹಕರ ಹೊಣೆ ಎಷ್ಟೆಂದು ಹೇಳುವ ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯ ಪ್ರಕಾರ, ಗ್ರಾಹಕರೇ ಪಿನ್ ಮುಂತಾದ ಗುಟ್ಟನ್ನು ಇನ್ನೊಬ್ಬರಿಗೆ ತಿಳಿಸಿದ್ದರಿಂದ ನಷ್ಟವಾದರೆ ಬ್ಯಾಂಕಿಗೆ ವರದಿ ಮಾಡುವವರೆಗಿನ ಪೂರ್ಣ ನಷ್ಟವನ್ನು ಗ್ರಾಹಕರೇ ಹೊರಬೇಕು. ವರದಿ ಮಾಡಿದ ಬಳಿಕ ಆಗುವ ನಷ್ಟವನ್ನು ಬ್ಯಾಂಕು ಹೊರಬೇಕು. ಅಂದರೆ ಈ 18,700 ರೂಪಾಯಿ ಬ್ಯಾಂಕಿನಿಂದ ಮರಳಿ ಬರುವ ಸಂಭವ ತೀರಾ ಕಡಿಮೆ. ಆದರೆ ನೀವು ಇನ್ನೂ ಕಾರ್ಡನ್ನು ಬ್ಲಾಕ್ ಮಾಡಿಸಿಲ್ಲವೆಂದು ನಿಮ್ಮ ಪತ್ರದಿಂದ ಊಹಿಸುತ್ತೇನೆ, ಹಾಗಿದ್ದರೆ ಈ ಪುಟವನ್ನು ಮಡಚಿಟ್ಟು ಮೊದಲು ಸಹಾಯವಾಣಿಗೆ ಕರೆ ಮಾಡಿ. ಅವನಲ್ಲಿ ಕಾರ್ಡ್ ಇರುವಷ್ಟು ಕಾಲ ಪಿನ್ ಬದಲಿಸಿದರೂ ಸಾಲದು, ಏಕೆಂದರೆ 5,000 ರೂಪಾಯಿಯವರೆಗೆ ಯಂತ್ರಕ್ಕೆ ಕಾರ್ಡನ್ನು ತಾಗಿಸಿದರೆ ಪಿನ್ ಕೇಳದೆಯೇ ಹಣ ಹೋಗುತ್ತದೆ. ಆ ಕಾರ್ಡ್ ಸಂಖ್ಯೆಯೇ ರದ್ದಾಗಿ ಹೊಸದು ಬರಬೇಕು. ಕರೆ ಮಾಡಿದ ಸಮಯವನ್ನೂ ದೂರಿನ ಸಂಖ್ಯೆಯನ್ನೂ ಬರೆದಿಡಿ, ಹೊಣೆ ನಿಮ್ಮಿಂದ ಬ್ಯಾಂಕಿಗೆ ದಾಟುವುದು ಆ ಗಳಿಗೆಯಿಂದ.

ಕೆಲಸ ಬಿಟ್ಟ ಮೇಲೆ ನಿಮ್ಮ ಅನುಮತಿಯಿಲ್ಲದೆ ಕಾರ್ಡ್ ಬಳಸಿದ್ದು ಅಪರಾಧವಾಗುತ್ತದೆ. ಆದರೂ ಠಾಣೆಗೆ ಹೋಗುವ ಮೊದಲು, ಆ ಮೂರು ಖರ್ಚುಗಳು ಎಲ್ಲಿ, ಯಾವುದಕ್ಕೆ ಆದವೆಂದು ಬಿಲ್ಲಿನಲ್ಲಿ ನೋಡಿ. ಮೇ ತಿಂಗಳಲ್ಲಿ ಬೋಟಿಗೆಂದು ಸಾಲದಲ್ಲಿ ತಂದಿದ್ದ ಸಾಮಾನಿನ ಹಣವನ್ನು ಜೂನಿನಲ್ಲಿ ಕಟ್ಟಿದ್ದೂ ಇರಬಹುದು. ಬಂದರಿನ ಅಂಗಡಿಗಳಲ್ಲಿ ಸೀಸನ್ ಮುಗಿದ ಮೇಲೆ ಲೆಕ್ಕ ಚುಕ್ತಾ ಮಾಡುವುದು ಹೊಸದೇನಲ್ಲ. ಹಾಗಲ್ಲವೆಂದು ಖಚಿತವಾದರೆ, ಅವನನ್ನು ಕರೆದು ಕೇಳಿದರೂ ಕೊಡದಿದ್ದರೆ, ಬಿಲ್ಲಿನ ಪ್ರತಿಯೊಂದಿಗೆ ಪೊಲೀಸರಿಗೆ ದೂರು ಕೊಡಿ. ಆಗಸ್ಟ್ 1ಕ್ಕೆ ಬೋಟು ಪುನಃ ಕಡಲಿಗಿಳಿಯುವ ಮೊದಲು ಖರ್ಚಿಗೆ ಬೇರೆ ವ್ಯವಸ್ಥೆ ಮಾಡಿಕೊಳ್ಳಿ. ವ್ಯವಹಾರದ ಕ್ರೆಡಿಟ್ ಕಾರ್ಡಿನ ಮೇಲೂ ನೀವು ಹೆಸರಿಸಿದ ವ್ಯಕ್ತಿಗೆ ಆಡ್-ಆನ್ ಕಾರ್ಡ್ ಕೊಡಿಸಲು ಅವಕಾಶವಿದೆ. ಹೊಣೆ ಆಗಲೂ ನಿಮ್ಮದೇ, ಆದರೆ ಯಾರು ಎಷ್ಟು ಖರ್ಚು ಮಾಡಿದರೆಂಬುದು ಬಿಲ್ಲಿನಲ್ಲಿ ಪ್ರತ್ಯೇಕವಾಗಿ ಕಾಣುತ್ತದೆ, ಅವರು ಕೆಲಸ ಬಿಟ್ಟ ದಿನ ನಿಮ್ಮ ಕಾರ್ಡಿಗೆ ಕೈ ಹಚ್ಚದೆ ಅವರದನ್ನಷ್ಟೇ ನಿಲ್ಲಿಸಬಹುದು.

ಪ್ರಶ್ನೆ: ಉಡುಪಿಯ ಕುಂಜಿಬೆಟ್ಟಿನಿಂದ ಬರೆಯುತ್ತಿದ್ದೇನೆ. ನನ್ನ ಯಜಮಾನರು ಎರಡು ತಿಂಗಳ ಹಿಂದೆ ತೀರಿಕೊಂಡರು. ಅವರ ಕ್ರೆಡಿಟ್ ಕಾರ್ಡಿನ ಮೇಲೆ ನನಗೊಂದು ಆಡ್-ಆನ್ ಕಾರ್ಡ್ ಇದೆ. ಬೊಜ್ಜದ (ಉತ್ತರಕ್ರಿಯೆಯ) ಖರ್ಚಿಗೆ ಕೈಯಲ್ಲಿ ಹಣ ಸಾಲದೆ ಆ ಕಾರ್ಡಿನಿಂದಲೇ 22,000 ರೂಪಾಯಿಯ ಸಾಮಾನು ತರಿಸಿದೆ, ಕಾರ್ಡ್ ನಡೆಯಿತು. ಈಗ ಅವರ ಹಳೆಯ ಬಾಕಿಯೂ ಸೇರಿ 71,000 ರೂಪಾಯಿ ಕಟ್ಟಬೇಕೆಂದು ಕರೆಗಳು ಬರುತ್ತಿವೆ. ನಾನು ತಪ್ಪು ಮಾಡಿದೆನೇ? ಇಷ್ಟನ್ನೂ ನಾನೇ ಕಟ್ಟಬೇಕೇ?

ಉತ್ತರ: ಅಮ್ಮಾ, ನಿಮ್ಮ ಮನಸ್ಸಿನಲ್ಲಿ ವಂಚನೆಯಿರಲಿಲ್ಲ. ಅಂತಹ ದಿನಗಳಲ್ಲಿ ಕೈಗೆ ಸಿಕ್ಕಿದ್ದನ್ನು ಬಳಸಿದ್ದಕ್ಕೆ ನಿಮ್ಮನ್ನು ನೀವು ಹಳಿದುಕೊಳ್ಳಬೇಡಿ. ಆದರೆ ಇನ್ನು ಮುಂದೆ ಒಂದು ರೂಪಾಯಿಯನ್ನೂ ಆ ಕಾರ್ಡಿನಿಂದ ಖರ್ಚು ಮಾಡಬೇಡಿ. ಆಡ್-ಆನ್ ಕಾರ್ಡ್ ಮುಖ್ಯ ಖಾತೆಯ ಆಸರೆಯಲ್ಲಿ ನಿಂತಿರುವಂಥದ್ದು, ಮುಖ್ಯ ಕಾರ್ಡುದಾರರು ತೀರಿಕೊಂಡಾಗ ಅದನ್ನು ಬಳಸುವ ಅಧಿಕಾರವೂ ಮುಗಿಯುತ್ತದೆ. ಅದು ಯಂತ್ರದಲ್ಲಿ ನಡೆದದ್ದು ಬ್ಯಾಂಕಿಗೆ ವಿಷಯ ತಿಳಿಯದೆ ಇದ್ದುದರಿಂದ.

71,000 ರೂಪಾಯಿಯನ್ನು ಎರಡು ಭಾಗವಾಗಿ ನೋಡಬೇಕು. ನಿಮ್ಮ ಯಜಮಾನರು ಬದುಕಿದ್ದಾಗ ಆದ 49,000 ರೂಪಾಯಿ ಅವರ ಸಾಲ. ಅದನ್ನು ಅವರು ಬಿಟ್ಟುಹೋದ ಆಸ್ತಿಯಿಂದ ವಸೂಲು ಮಾಡಲು ಬ್ಯಾಂಕಿಗೆ ಹಕ್ಕಿದೆ. ವಾರಸುದಾರರು ತಮಗೆ ಬಂದ ಆಸ್ತಿಯ ಮಟ್ಟಿಗೆ ಮಾತ್ರ ಅದಕ್ಕೆ ಬಾಧ್ಯರು, ತಮ್ಮ ಸ್ವಂತ ಸಂಪಾದನೆಯಿಂದ ಕಟ್ಟಬೇಕಾಗಿಲ್ಲ. ಅವರ ನಿಧನದ ಬಳಿಕ ನೀವು ಮಾಡಿದ 22,000 ರೂಪಾಯಿಯ ಖರ್ಚು ಬೇರೆ. ಅದನ್ನು ನೀವೇ ಮಾಡಿದ್ದರಿಂದ ಆದಷ್ಟು ಬೇಗ ಕಟ್ಟಿ ತೀರಿಸುವುದು ನಿಮಗೆ ಕ್ಷೇಮ. ಎರಡನ್ನೂ ಕಲೆಸಿ ಒಟ್ಟಿಗೆ ಕಟ್ಟಿ ಎಂದು ಫೋನಿನಲ್ಲಿ ಒತ್ತಾಯಿಸಿದರೆ ಒಪ್ಪಬೇಡಿ, ಪೂರ್ಣ ಸ್ಟೇಟ್‌ಮೆಂಟನ್ನು ಲಿಖಿತವಾಗಿ ಕಳುಹಿಸಲು ಹೇಳಿ.

ಮರಣ ಪ್ರಮಾಣಪತ್ರದ ಪ್ರತಿಯೊಂದಿಗೆ ಬ್ಯಾಂಕಿನ ಕಾರ್ಡ್ ವಿಭಾಗಕ್ಕೆ ಪತ್ರ ಬರೆಯಿರಿ. ನಿಧನದ ದಿನಾಂಕವನ್ನು ತಿಳಿಸಿ, ಮುಖ್ಯ ಕಾರ್ಡನ್ನೂ ಆಡ್-ಆನ್ ಕಾರ್ಡನ್ನೂ ಮುಚ್ಚಬೇಕೆಂದು, ಆ ದಿನಾಂಕದ ಬಳಿಕದ ಬಡ್ಡಿ ಮತ್ತು ತಡಪಾವತಿ ಶುಲ್ಕಗಳನ್ನು ಕೈಬಿಡಬೇಕೆಂದು, ಬಾಕಿಯನ್ನು ಆ ದಿನಾಂಕಕ್ಕೆ ಮೊದಲಿನದು ಮತ್ತು ನಂತರದ್ದು ಎಂದು ಬೇರ್ಪಡಿಸಿ ಕೊಡಬೇಕೆಂದು ಕೋರಿ. ಶುಲ್ಕವನ್ನು ಬಿಡುವುದು ಬ್ಯಾಂಕಿನ ವಿವೇಚನೆಗೆ ಸೇರಿದ್ದಾದರೂ ಇಂತಹ ಸಂದರ್ಭದಲ್ಲಿ ಕೇಳದೆ ಇರಬಾರದು. ಕಾರ್ಡಿನೊಂದಿಗೆ ಅಪಘಾತ ವಿಮೆ ಇತ್ತೇ ಎಂದೂ ಇದೇ ಪತ್ರದಲ್ಲಿ ಕೇಳಿ. ವಿದ್ಯುತ್ ಬಿಲ್ಲು, ಫಾಸ್ಟ್ಯಾಗ್ ಭರ್ತಿ ಮುಂತಾದವು ಆ ಖಾತೆಗೆ ಜೋಡಣೆಯಾಗಿದ್ದರೆ ಕಾರ್ಡ್ ಮುಚ್ಚುವ ಮೊದಲು ನಿಮ್ಮ ಉಳಿತಾಯ ಖಾತೆಗೆ ಬದಲಿಸಿಕೊಳ್ಳಿ. ಇಲ್ಲವಾದರೆ ಹೆಜಮಾಡಿಯ ಟೋಲಿನಲ್ಲಿ ಕಾರು ನಿಂತಾಗಲೇ ಗೊತ್ತಾಗುತ್ತದೆ.

ವಸೂಲಿಯ ಕರೆಗಳನ್ನು ಬೆಳಿಗ್ಗೆ 8ಕ್ಕಿಂತ ಮೊದಲು, ಸಂಜೆ 7ರ ಬಳಿಕ ಮಾಡುವಂತಿಲ್ಲ. ಬೆದರಿಸುವಂತಿಲ್ಲ, ಬಂಧುಗಳೆದುರು ಅವಮಾನಿಸುವಂತಿಲ್ಲ. ಹಾಗೆ ಮಾಡಿದರೆ ಕರೆ ಬಂದ ಸಂಖ್ಯೆ, ದಿನ, ಸಮಯವನ್ನು ಬರೆದಿಟ್ಟು ಬ್ಯಾಂಕಿಗೂ, ಅಲ್ಲಿಂದ ಪರಿಹಾರ ಸಿಗದಿದ್ದರೆ ಒಂಬುಡ್ಸ್‌ಮನ್ನರಿಗೂ ದೂರು ಕೊಡಿ. ನಿಮ್ಮ ಕ್ರೆಡಿಟ್ ವರದಿಯನ್ನೂ ಒಮ್ಮೆ ನೋಡಿ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್ ಈ ನಾಲ್ಕೂ ಸಂಸ್ಥೆಗಳು ವರ್ಷಕ್ಕೊಮ್ಮೆ ಉಚಿತವಾಗಿ ಪೂರ್ಣ ವರದಿ ಕೊಡಬೇಕು. ಅದರಲ್ಲಿ ಈ ಖಾತೆ ನಿಮ್ಮ ಹೆಸರಿನಲ್ಲಿ ಕಾಣಿಸಿದರೆ, ನೀವು ಮುಖ್ಯ ಸಾಲಗಾರರೆಂದು ಬರೆದಿದೆಯೋ ಕೇವಲ ಅಧಿಕೃತ ಬಳಕೆದಾರರೆಂದು (ಅಂದರೆ ಆಡ್-ಆನ್ ಕಾರ್ಡುದಾರರೆಂದು) ಬರೆದಿದೆಯೋ ನೋಡಿ. ತಪ್ಪಿದ್ದರೆ ಆನ್‌ಲೈನಿನಲ್ಲೇ ದೂರು ಕೊಡಬಹುದು, 30 ದಿನಗಳೊಳಗೆ ಸರಿಪಡಿಸದಿದ್ದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಸಿಗಬೇಕೆಂಬ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ನಿಮಗೆ ಕಾರ್ಡಿನ ಅಗತ್ಯವಿದ್ದರೆ ಸಣ್ಣ ನಿಶ್ಚಿತ ಠೇವಣಿಯ ಆಧಾರದ ಮೇಲೆ ನಿಮ್ಮದೇ ಹೆಸರಿಗೆ ಕೊಡುವ ಬ್ಯಾಂಕುಗಳಿವೆ. ಅವಸರವೇನಿಲ್ಲ, ಮೊದಲು ಇದು ಮುಗಿಯಲಿ.

ಪ್ರಶ್ನೆ: ನಮ್ಮ ಮಗಳು ಎಂಎಸ್ ಓದಲು ಅಮೆರಿಕಕ್ಕೆ ಹೋದಾಗ ಅಲ್ಲಿರುವ ಅವಳ ಸೋದರಮಾವ ತಮ್ಮ ಕ್ರೆಡಿಟ್ ಕಾರ್ಡಿನಲ್ಲಿ ಅವಳನ್ನು ಅಧಿಕೃತ ಬಳಕೆದಾರಳಾಗಿ ಸೇರಿಸಿದರು. ಈಗ ಅವಳಿಗೆ ಕೆಲಸ ಸಿಕ್ಕಿದೆ, ತನ್ನದೇ ಕಾರ್ಡೂ ಇದೆ. ಮಾವನ ಕಾರ್ಡಿನಲ್ಲಿ ಬಾಕಿ ಬೆಳೆಯುತ್ತಿದೆಯಂತೆ. ಹೊರಬರಲು ಅವರನ್ನು ಕೇಳಲು ಅವಳಿಗೆ ಸಂಕೋಚ. ಅವಳು ತಾನಾಗಿಯೇ ಹೊರಬರಬಹುದೇ? ಅವರ ಬಾಕಿ ಅವಳ ಮೇಲೆ ಬರುತ್ತದೆಯೇ? (ಮಣಿಪಾಲದ ಓದುಗರು)

ಉತ್ತರ: ಅಮೆರಿಕದಲ್ಲಿಯೂ ಬಾಕಿ ಕಟ್ಟುವ ಹೊಣೆ ಮುಖ್ಯ ಖಾತೆದಾರರದ್ದೇ, ಅಧಿಕೃತ ಬಳಕೆದಾರರಿಗೆ ಸಾಮಾನ್ಯವಾಗಿ ಆ ಹೊಣೆ ಇಲ್ಲ. ಆದರೆ ಅಲ್ಲಿನ ಪದ್ಧತಿ ಒಂದು ವಿಷಯದಲ್ಲಿ ನಿಮ್ಮ ಮಗಳಿಗೆ ಹೆಚ್ಚು ತಾಗುತ್ತದೆ. ಅಧಿಕೃತ ಬಳಕೆದಾರರ ಕ್ರೆಡಿಟ್ ವರದಿಯಲ್ಲಿಯೂ ಆ ಖಾತೆ ಕಾಣಿಸಿಕೊಳ್ಳುವುದು ಅಲ್ಲಿ ರೂಢಿ. ಹೊಸದಾಗಿ ಹೋದ ವಿದ್ಯಾರ್ಥಿಗಳಿಗೆ ಬಂಧುಗಳು ಹೀಗೆ ಸಹಾಯ ಮಾಡುವುದು ಈ ಕಾರಣಕ್ಕೇ. ಮಾವನವರು ಸಕಾಲದಲ್ಲಿ ಕಟ್ಟಿದಷ್ಟು ಕಾಲ ಅದು ಅವಳನ್ನು ಮೇಲಕ್ಕೆತ್ತಿದೆ. ಈಗ ಬಾಕಿ ಬೆಳೆದರೆ ಅದೇ ಖಾತೆ ಅವಳ ಸ್ಕೋರನ್ನು ಕೆಳಕ್ಕೆಳೆಯಬಹುದು, ಏಕೆಂದರೆ ಅಲ್ಲಿ ಹೆಚ್ಚು ಬಳಕೆಯಲ್ಲಿರುವ ಫೈಕೊ ಸ್ಕೋರಿನಲ್ಲಿ ಸಕಾಲಿಕ ಪಾವತಿಗೆ ಶೇ. 35, ಇರುವ ಸಾಲದ ಪ್ರಮಾಣಕ್ಕೆ ಶೇ. 30 ತೂಕವಿದೆ.

ಹಲವು ಕಾರ್ಡ್ ಸಂಸ್ಥೆಗಳು ಅಧಿಕೃತ ಬಳಕೆದಾರರೇ ಕರೆ ಮಾಡಿ ತಮ್ಮ ಹೆಸರನ್ನು ತೆಗೆಸಿಕೊಳ್ಳಲು ಅವಕಾಶ ಕೊಡುತ್ತವೆ, ಕೆಲವು ಮುಖ್ಯ ಖಾತೆದಾರರೇ ಹೇಳಬೇಕೆನ್ನುತ್ತವೆ. ಅವಳು ಮೊದಲು ಕಾರ್ಡಿನ ಹಿಂಬದಿಯ ಸಂಖ್ಯೆಗೆ ಕರೆ ಮಾಡಿ ವಿಚಾರಿಸಲಿ. ಆದರೆ ಮಾವನವರಿಗೆ ತಿಳಿಸದೆ ಹೊರಬರುವುದು ನನಗೆ ಸರಿಕಾಣುವುದಿಲ್ಲ. ಪರದೇಶದಲ್ಲಿ ಕೈಹಿಡಿದವರು ಅವರು. ‘ಮಾವ, ಈಗ ನನ್ನದೇ ಕಾರ್ಡ್ ಆಗಿದೆ, ನಿಮ್ಮದರಿಂದ ನನ್ನ ಹೆಸರು ತೆಗೆಸಿಬಿಡುತ್ತೇನೆ, ಇಷ್ಟು ದಿನ ಮಾಡಿದ ಉಪಕಾರ ದೊಡ್ಡದು’ ಎಂದರೆ ಸಾಕು, ಅವರ ಬಾಕಿಯ ಮಾತನ್ನು ಎತ್ತುವ ಅಗತ್ಯವೇ ಇಲ್ಲ. ಅವಳು ಮಾಡಿದ ಖರ್ಚೇನಾದರೂ ಆ ಬಾಕಿಯಲ್ಲಿ ಸೇರಿದ್ದರೆ ಕಾನೂನಿನ ಹೊಣೆ ಇಲ್ಲದಿದ್ದರೂ ಅದನ್ನು ಲೆಕ್ಕಹಾಕಿ ಮೊದಲು ಕೊಟ್ಟುಬಿಡಲಿ.

ಹೊರಬಂದ ಮೇಲೆ ಆ ಖಾತೆಯ ಇತಿಹಾಸ ಅವಳ ವರದಿಯಿಂದ ಸಾಮಾನ್ಯವಾಗಿ ಮರೆಯಾಗುತ್ತದೆ. ಅದು ಹಳೆಯ ಖಾತೆಯಾಗಿದ್ದರೆ ಸ್ಕೋರು ಸ್ವಲ್ಪ ಇಳಿಯಲೂಬಹುದು. ಮುಂದಿನ ಕೆಲವೇ ತಿಂಗಳಲ್ಲಿ ಕಾರಿಗೋ ಮನೆಗೋ ಸಾಲ ಕೇಳುವ ಯೋಚನೆಯಿದ್ದರೆ ಮಾತ್ರ, ಹೊರಬರುವ ಮೊದಲು ತನ್ನ ವರದಿಯನ್ನು ನೋಡಿ ಮಾವನ ಖಾತೆ ಈಗ ನೆರವಾಗುತ್ತಿದೆಯೋ ತೊಡಕಾಗುತ್ತಿದೆಯೋ ಅಳೆದುಕೊಳ್ಳಲಿ. ಅಲ್ಲಿನ ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಮೂರೂ ಸಂಸ್ಥೆಗಳ ವರದಿ ವಾರಕ್ಕೊಮ್ಮೆ ಉಚಿತವಾಗಿ ಸಿಗುತ್ತದೆ. ಹೆಸರು ತೆಗೆಸಿ ಎರಡು ತಿಂಗಳಾದರೂ ಖಾತೆ ವರದಿಯಲ್ಲೇ ಉಳಿದಿದ್ದರೆ, ಉಳಿದಿರುವ ಪ್ರತಿಯೊಂದು ಸಂಸ್ಥೆಗೂ ಪ್ರತ್ಯೇಕವಾಗಿ ತಕರಾರು ಸಲ್ಲಿಸಲಿ. ಅವು ಸಾಮಾನ್ಯವಾಗಿ 30 ದಿನಗಳೊಳಗೆ ಪರಿಶೀಲಿಸಿ ಉತ್ತರಿಸಬೇಕು. ಹೆಸರು ತೆಗೆದಿದ್ದೇವೆಂದು ಕಾರ್ಡ್ ಸಂಸ್ಥೆ ಕಳುಹಿಸಿದ ಪತ್ರವನ್ನು ತಕರಾರಿನ ಜೊತೆಗೆ ಲಗತ್ತಿಸುವುದಕ್ಕಾಗಿ ಈಗಲೇ ಕೇಳಿ ಪಡೆದಿಟ್ಟುಕೊಳ್ಳಲಿ.